ಕತ್ತಲಲ್ಲಿ ಕೂತ ನಲವತ್ತು ಸೆಕೆಂಡು

ಅಣ್ಣನೂ ನಾನೂ ಮಾತು ಬಿಟ್ಟು ಎಂಟು ತಿಂಗಳಾಗಿತ್ತು. ಇದ್ದದ್ದು ಒಂದೇ ಮನೆಯಲ್ಲಿ. ಬಾಗಿಲಲ್ಲಿ ಎದುರಾದರೆ ಒಬ್ಬರು ಪಕ್ಕಕ್ಕೆ ಸರಿಯುತ್ತಿದ್ದೆವು, ಅಷ್ಟೇ. ಆ ಮುನಿಸನ್ನು ಫೋಟೋದಲ್ಲಿ ಹಿಡಿಯಬೇಕು ಅನ್ನಿಸಿದ್ದು ಆಗಲೇ. ಬಾಯಲ್ಲಿ ಹೇಳಲು ಆಗದ್ದಕ್ಕೆ ಬೇರೆ ದಾರಿ ಬೇಕಲ್ವಾ?

ರಾತ್ರಿ ಫೋಟೋ ನನಗೆ ಹೊಸದಾಗಿರಲಿಲ್ಲ. ಕ್ಯಾಮೆರಾವನ್ನು ಟ್ರೈಪಾಡ್ ಮೇಲಿಟ್ಟು, ಅರ್ಧ ನಿಮಿಷ ಶಟರ್ ತೆರೆದಿಟ್ಟು, ಟಾರ್ಚ್ ಹಿಡಿದು ಗಾಳಿಯಲ್ಲಿ ಗೆರೆ ಎಳೆಯುವ ಲೈಟ್ ಪೇಂಟಿಂಗ್ ಮಾಡುತ್ತಾ ಮೂರು ವರ್ಷವಾಗಿತ್ತು. ಸುರುಳಿ, ಚಕ್ರ, ರೆಕ್ಕೆ ಎಲ್ಲ ಬರುತ್ತಿತ್ತು. ನೋಡಿದವರು 'ಚೆನ್ನಾಗಿದೆ, ಹೇಗೆ ಮಾಡಿದೆ?' ಎಂದು ಕೇಳುತ್ತಿದ್ದರು. 'ಯಾಕೆ ಮಾಡಿದೆ?' ಎಂದು ಯಾರೂ ಕೇಳುತ್ತಿರಲಿಲ್ಲ. ನನಗೆ ಬೇಕಿದ್ದದ್ದು ಆ ಎರಡನೇ ಪ್ರಶ್ನೆ.

ಮೊದಲು ಬಣ್ಣದ ಹಿಂದೆ ಬಿದ್ದೆ. ಬೇಸರಕ್ಕೆ ನೀಲಿ, ಸಿಟ್ಟಿಗೆ ಕೆಂಪು. ವೈಟ್ ಬ್ಯಾಲೆನ್ಸನ್ನು (ಯಾವ ಬೆಳಕನ್ನು ಬಿಳಿ ಎಂದು ಎಣಿಸಬೇಕು ಎಂದು ಕ್ಯಾಮೆರಾಗೆ ಹೇಳುವ ಸೆಟ್ಟಿಂಗ್) 3200 ಕೆಲ್ವಿನ್‌ಗೆ ಇಳಿಸಿದರೆ ಬಿಳಿ ಎಲ್‌ಇಡಿ ಟಾರ್ಚ್ ತಾನಾಗಿಯೇ ನೀಲಿಯಾಗಿ ಕಾಣುತ್ತದೆ. ಟಾರ್ಚಿಗೆ ಬಣ್ಣದ ಜಿಲೆಟಿನ್ ಹಾಳೆ ಸುತ್ತಿದರೆ ಯಾವ ಬಣ್ಣ ಬೇಕಾದರೂ ಸಿಗುತ್ತದೆ. ಎರಡು ವಾರ ಹೀಗೇ ಕಳೆಯಿತು. ಬಂದ ಚಿತ್ರಗಳು 'ನಾನು ಬೇಸರದಲ್ಲಿದ್ದೇನೆ' ಎಂದು ಬೋರ್ಡ್ ಹಾಕಿಕೊಂಡ ಹಾಗಿದ್ದವು. ಎಲ್ಲವನ್ನೂ ಅಳಿಸಿದೆ.

ಆಮೇಲೆ ಒಂದು ರಾತ್ರಿ, ಯೋಚನೆ ಮಾಡದೆ ಗಾಳಿಯಲ್ಲಿ 'ಅಣ್ಣ' ಎಂದು ಬರೆದೆ. ಸಣ್ಣ ಪೆನ್‌ಟಾರ್ಚ್, ತುದಿ ಕ್ಯಾಮೆರಾ ಕಡೆಗೆ. ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, 100; ಅಪರ್ಚರ್, ಅಂದರೆ ಲೆನ್ಸಿನ ಕಿಂಡಿ, ಎಫ್/8; 30 ಸೆಕೆಂಡು. 'ಅ' ಸಲೀಸಾಗಿ ಬಂತು. 'ಣ' ಬರೆದು, ಒತ್ತು ಕೊಡಲು ಕೈ ಕೆಳಗಿಳಿಸಬೇಕು. ಅಲ್ಲಿ ಕೈ ನಿಂತುಬಿಟ್ಟಿತು. ಜಗಳದ ದಿನ ನಾನು ಆಡಿದ ಒಂದು ಮಾತು ನೆನಪಾಯಿತು. ಎರಡು ಮೂರು ಸೆಕೆಂಡು ಇರಬಹುದು. ಮತ್ತೆ ಬರೆದು ಮುಗಿಸಿದೆ.

ಕ್ಯಾಮೆರಾ ಕಡೆ ಮುಖ ಮಾಡಿ ಬರೆದರೆ ಅಕ್ಷರ ತಿರುಗುಮುರುಗಾಗಿ ಬರುತ್ತದೆ. ಕಂಪ್ಯೂಟರಿನಲ್ಲಿ ಅದರ ಎಡ-ಬಲ ಅದಲುಬದಲು ಮಾಡಿ ನೋಡಿದೆ. 'ಅ' ತೆಳ್ಳಗಿನ ಗೆರೆ. 'ಣ' ಸ್ವಲ್ಪ ದಪ್ಪ. ಒತ್ತಿನ ಹತ್ತಿರ ಬೆಳಕು ಉಂಡೆಗಟ್ಟಿ, ಸುತ್ತಲೂ ಬೆಳ್ಳಗೆ ಹರಡಿತ್ತು. ಅದರ ನಂತರದ ಗೆರೆ ನಡುಗಿತ್ತು. ನನ್ನ ಮನಸ್ಸು ಎಲ್ಲಿ ಸಿಕ್ಕಿಹಾಕಿಕೊಂಡಿತ್ತು ಎಂಬುದು ಫೋಟೋದಲ್ಲಿ ಅಚ್ಚಾಗಿತ್ತು. ನಾನು ತುಂಬ ಹೊತ್ತು ಅದನ್ನೇ ನೋಡುತ್ತಾ ಕೂತೆ.

ಇದರ ಹಿಂದಿನ ಲೆಕ್ಕ ಸರಳ. ಶಟರ್ ಎಷ್ಟು ಹೊತ್ತು ತೆರೆದಿದ್ದರೂ, ಓಡುವ ಬೆಳಕಿನ ಗೆರೆ ಅದರಿಂದ ಜಾಸ್ತಿ ಹೊಳೆಯುವುದಿಲ್ಲ. ಆ ಬೆಳಕು ಒಂದೊಂದು ಜಾಗದಲ್ಲಿ ಎಷ್ಟು ಹೊತ್ತು ನಿಂತಿತು ಎಂಬುದೇ ಲೆಕ್ಕಕ್ಕೆ ಬರುವುದು. ಬೀಸಿದರೆ ತೆಳು, ತಡೆದರೆ ದಪ್ಪ. ಅಪರ್ಚರ್ ಮತ್ತು ಐಎಸ್‌ಒ ಬದಲಾಯಿಸದಿದ್ದರೆ, ಉಳಿದದ್ದೆಲ್ಲ ಕೈಯ ವೇಗವೇ. ಕಾಗದದ ಮೇಲೆ ಕೈಬರಹ ಇದ್ದ ಹಾಗೆ. ಅಂದಿನಿಂದ ನಾನು ಬಣ್ಣದ ಹಾಳೆಗಳನ್ನು ಮುಟ್ಟಿಲ್ಲ.

ಈ ಗುಟ್ಟು ಹಳೆಯದು. 1910ರ ದಶಕದಲ್ಲೇ ಅಮೆರಿಕದ ಫ್ರಾಂಕ್ ಮತ್ತು ಲಿಲಿಯನ್ ಗಿಲ್‌ಬ್ರೆತ್ ದಂಪತಿ ಕೆಲಸಗಾರರ ಬೆರಳಿಗೆ ಪುಟ್ಟ ಬಲ್ಬ್ ಕಟ್ಟಿ, ಶಟರ್ ತೆರೆದಿಟ್ಟು ಫೋಟೋ ತೆಗೆದಿದ್ದರು. ಕೈ ಎಲ್ಲಿ ಸುಮ್ಮನೆ ಸುತ್ತುತ್ತದೆ, ಎಲ್ಲಿ ತಡವರಿಸುತ್ತದೆ ಎಂದು ನೋಡುವುದು ಅವರ ಉದ್ದೇಶ. ಬಲ್ಬನ್ನು ಮಿನುಗಿಸಿ ಗೆರೆಯನ್ನು ಚುಕ್ಕೆಗಳಾಗಿ ಒಡೆದು, ಚುಕ್ಕೆಗಳ ಅಂತರದಿಂದ ವೇಗ ಅಳೆದರು. ಅವರಿಗೆ ಬೇಕಿದ್ದದ್ದು ತಡವರಿಕೆ ಇಲ್ಲದ ಕೆಲಸ. ನನಗೆ ಬೇಕಿದ್ದದ್ದು ಆ ತಡವರಿಕೆಯೇ.

ಚುಕ್ಕೆಯ ವಿಷಯ ನನಗೆ ಬೇರೆ ರೀತಿಯಲ್ಲಿ ಸಿಕ್ಕಿತು. ನನ್ನ ಹತ್ತಿರ ಒಂದು ಹಳೆಯ ಎಲ್‌ಇಡಿ ದೀಪವಿದೆ. ಬೆಳಕು ಕಡಿಮೆ ಮಾಡಿದಾಗ ಅದು ಬೇಗ ಬೇಗ ಆರಿ ಹತ್ತುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ. ಆದರೆ ಜೋರಾಗಿ ಬೀಸಿದರೆ ಫೋಟೋದಲ್ಲಿ ತುಂಡು ತುಂಡು ಗೆರೆ ಬರುತ್ತದೆ. ಮೊದಲು ದೀಪ ಕೆಟ್ಟಿದೆ ಎಂದುಕೊಂಡಿದ್ದೆ. ಆಮೇಲೆ ಆ ಗೆರೆ, ಅಳು ತಡೆದುಕೊಂಡು ಮಾತಾಡುವವರ ದನಿಯ ಹಾಗೆ ಕಂಡಿತು. ಈಗ ಬೇಕೆಂದೇ ಅದನ್ನು ಬಳಸುತ್ತೇನೆ.

ಇಷ್ಟಾದರೂ ಮುನಿಸಿನ ಚಿತ್ರ ಸಿಕ್ಕಿರಲಿಲ್ಲ. ಕೊನೆಗೆ ಟಾರ್ಚ್ ಕೆಳಗಿಟ್ಟೆ. ಗೋಡೆಗೆ ಒರಗಿಸಿದ ಉದ್ದನೆಯ ಬೆಂಚು, ದೂರದಲ್ಲಿ ಒಂದು ಮಂಕು ಬಲ್ಬ್. ಬೇಕಾದಷ್ಟು ಹೊತ್ತು ಶಟರ್ ತೆರೆದಿಡಬಹುದಾದ ಕ್ಯಾಮೆರಾದ 'ಬಲ್ಬ್ ಮೋಡ್'ನಲ್ಲಿ 40 ಸೆಕೆಂಡು, ಎಫ್/11. ಕೈಯಲ್ಲಿ ರಿಮೋಟ್. ಬೆಂಚಿನ ಎಡತುದಿಯಲ್ಲಿ ಅಣ್ಣ ಕೂರುವ ಹಾಗೆ, ಕೈಕಟ್ಟಿ, ತಲೆ ಸ್ವಲ್ಪ ಬಗ್ಗಿಸಿ ಕೂತೆ. ಮನಸ್ಸಿನಲ್ಲೇ 25ರವರೆಗೆ ಎಣಿಸಿದೆ. ಎದ್ದು, ಬೇಗ ದಾಟಿ, ಬಲತುದಿಯಲ್ಲಿ ನಾನಾಗಿ ಕೂತೆ. ಉಳಿದ 12 ಸೆಕೆಂಡು ಅಲ್ಲಿ.

ಹೀಗೆ ಮಾಡಿದಾಗ ದಾಟುವ ದೇಹ ಹೆಚ್ಚುಕಡಿಮೆ ದಾಖಲಾಗುವುದೇ ಇಲ್ಲ. ಕೂತ ಎರಡೂ ದೇಹಗಳು ಅರೆಬರೆ ಕಾಣುತ್ತವೆ, ಯಾಕೆಂದರೆ ಅವು ಇಲ್ಲದ ಹೊತ್ತಿನಲ್ಲಿ ಹಿಂದಿನ ಗೋಡೆ ಫೋಟೋದೊಳಗೆ ಸೇರಿಕೊಂಡಿರುತ್ತದೆ. ಗೋಡೆಯ ಮೇಲೆ ಬೆಳಕು ಇರಲೇಬೇಕು. ಹಿಂದೆ ಪೂರ್ತಿ ಕತ್ತಲಿದ್ದರೆ ಈ ಪಾರದರ್ಶಕತೆ ಬರುವುದಿಲ್ಲ. ಸಮಯ ಹಂಚುವುದರಲ್ಲೇ ಎಲ್ಲ ಇದೆ. ಇಪ್ಪತ್ತು-ಇಪ್ಪತ್ತು ಮಾಡಿ ನೋಡಿದೆ, ಇಬ್ಬರು ಅಪರಿಚಿತರು ಕೂತ ಹಾಗೆ ಕಂಡಿತು. ಒಬ್ಬರು ಗಟ್ಟಿ, ಒಬ್ಬರು ಮಸುಕು ಆದಾಗಲೇ ಬೆಂಚಿನ ನಡುವಿನ ಖಾಲಿ ಜಾಗ ಭಾರವಾಯಿತು. ಹನ್ನೊಂದನೇ ಸಲಕ್ಕೆ ನನಗೆ ಬೇಕಾದದ್ದು ಬಂತು.

ಇದನ್ನು ಮಾಡಿ ನೋಡುವವರಿಗೆ ಒಂದೆರಡು ಮಾತು. ಫೋಕಸನ್ನು ಮೊದಲೇ ಟಾರ್ಚ್ ಬೆಳಕಿನಲ್ಲಿ ಹಿಡಿದು, ಮ್ಯಾನ್ಯುಯಲ್‌ಗೆ ಹಾಕಿ. ಟ್ರೈಪಾಡ್ ಮೇಲೆ, ಕೈ ಅಲುಗಾಟ ಸರಿಪಡಿಸುವ ಸ್ಟೆಬಿಲೈಸೇಶನ್ ಆಫ್ ಇರಲಿ. ಫೋಟೋದ ಕಾಳುಕಾಳು ಚುಕ್ಕೆಗಳನ್ನು ತೆಗೆಯುವ ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್ ಆನ್ ಇದ್ದರೆ, 40 ಸೆಕೆಂಡಿನ ಫೋಟೋ ಆದಮೇಲೆ ಕ್ಯಾಮೆರಾ ಇನ್ನೂ 40 ಸೆಕೆಂಡು ಕಾಯಿಸುತ್ತದೆ. ನಾನು ಅದನ್ನು ಆಫ್ ಮಾಡಲಿಲ್ಲ. ಆ ಕಾಯುವಿಕೆಯಲ್ಲಿ ಉಸಿರು ಸಮ ಆಗುತ್ತಿತ್ತು.

ಪ್ರಿಂಟನ್ನು ಊಟದ ಮೇಜಿನ ಮೇಲೆ ಬಿಟ್ಟು ಮಲಗಿದೆ. ಬೆಳಗ್ಗೆ ಎದ್ದಾಗ ಅಣ್ಣ ಅದನ್ನು ಕೈಯಲ್ಲಿ ಹಿಡಿದು ಕಿಟಕಿ ಹತ್ತಿರ ನಿಂತಿದ್ದ.

"ಇದರಲ್ಲಿ ನೀನು ಯಾರು?" ಎಂದ. ಎಂಟು ತಿಂಗಳ ನಂತರದ ಮೊದಲ ಮಾತು.

"ಮಸುಕಾಗಿರೋದು."

"ಯಾಕೆ?"

"ಅಲ್ಲಿ ಕಡಿಮೆ ಹೊತ್ತು ಕೂತಿದ್ದೆ. ನಿನ್ನ ಜಾಗದಲ್ಲೇ ಜಾಸ್ತಿ ಕೂತಿದ್ದು."

ಅವನು ಏನೂ ಹೇಳಲಿಲ್ಲ. ರಾತ್ರಿ ಊಟ ಆದಮೇಲೆ ತಾನೇ ಹೋಗಿ ಬೆಂಚಿನ ಎಡತುದಿಯಲ್ಲಿ ಕೂತ. ನಾನು ರಿಮೋಟ್ ಹಿಡಿದು ಬಲತುದಿಗೆ ಹೋದೆ. ಪೂರ್ತಿ 40 ಸೆಕೆಂಡು. ಆ ಫೋಟೋದಲ್ಲಿ ಬೆಂಚು, ಗೋಡೆ ಎಲ್ಲ ಚೂಪಾಗಿವೆ. ನಮ್ಮಿಬ್ಬರ ಮುಖ ಮಾತ್ರ ಕಲಸಿಹೋಗಿದೆ. ಹತ್ತು ಸೆಕೆಂಡು ಆಗುವಷ್ಟರಲ್ಲಿ ಇಬ್ಬರೂ ಮಾತಾಡಲು ಶುರುಮಾಡಿದ್ದೆವು.