ಅಮ್ಮನ ಮುತ್ತಿನ ಸರವನ್ನು ಪೋಣಿಸಲು ಕೊಡುವ ಮುಂಚೆ

ನಮ್ಮಮ್ಮನ ಸರದಲ್ಲಿ ಎರಡು ಮುತ್ತು ನಮ್ಮವಲ್ಲ. ಪದಕದ ಎಡಕ್ಕೆ ಒಂದು, ಬಲಕ್ಕೆ ಒಂದು.

ದಾರ ಹಳತಾಗಿದೆ ಅಂತ ಒಂದು ಅಂಗಡಿಗೆ ಕೊಟ್ಟಿದ್ದೆವು. ಎಂಟು ದಿನ ಬಿಟ್ಟು ತಂದಾಗ ಸರ ಹೊಸದರ ಹಾಗೆ ಹೊಳೆಯುತ್ತಿತ್ತು. ಅಮ್ಮ ಅದನ್ನು ಕಿಟಕಿ ಹತ್ತಿರ ಹಿಡಿದು, 'ಇವೆರಡು ತೀರಾ ಬಿಳಿ ಕಣೋ. ನಮ್ಮವು ಕೆನೆ ಬಣ್ಣ' ಅಂದಳು. ಅಂಗಡಿಯವರು ಒಪ್ಪಲಿಲ್ಲ. ಪೊಲೀಸ್ ಸ್ಟೇಷನ್ನಿಗೆ ಹೋದೆ. ಅಲ್ಲಿನವರು ಸಮಾಧಾನವಾಗಿಯೇ ಕೇಳಿದರು: ಒಟ್ಟು ಎಷ್ಟು ಮುತ್ತು ಇತ್ತು? ತೂಕ ಎಷ್ಟು? ಫೋಟೋ ಇದೆಯಾ? ಇದ್ದದ್ದು ಅಮ್ಮನ ಮದುವೆಯ ಕಪ್ಪು ಬಿಳುಪು ಫೋಟೋ ಒಂದೇ. ಅದರಲ್ಲೂ ಅರ್ಧ ಸರವನ್ನು ಸೆರಗು ಮುಚ್ಚಿದೆ.

ನಾಚಿಕೆ ಆಗಿದ್ದು ಯಾಕೆ ಅಂದರೆ, ಲೆಕ್ಕ ಬರೆಯುವುದೇ ನನ್ನ ಕಸುಬು. ಅದೂ ಹನ್ನೊಂದು ವರ್ಷ ಬಹ್ರೇನ್‌ನ ಮನಾಮಾದಲ್ಲಿ, ಮುತ್ತಿನ ಊರಲ್ಲೇ. ಈಗ ಶಿವಮೊಗ್ಗದಲ್ಲಿ ಮನೆ ಮಾಡಿಕೊಂಡು ಸುಮ್ನೆ ಇದ್ದೇನೆ. ನೆಂಟರು, ಪಕ್ಕದ ಮನೆಯವರು ತಮ್ಮ ಅಜ್ಜಿಯ ಸರ, ಬೆಂಡೋಲೆ, ನತ್ತು ತಂದು ತೋರಿಸುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲನೆಯದು, ತೊಳೆಯಬೇಡಿ. ತಾಮ್ರದ ಚೊಂಬಿಗೆ ಹುಣಸೆಹಣ್ಣು ಹಚ್ಚಿ ಅಭ್ಯಾಸ ಇರುವ ನಮ್ಮ ಕಡೆಯವರು ಮುತ್ತಿಗೂ ಅದನ್ನೇ ಹಚ್ಚಿಬಿಡುತ್ತಾರೆ. ಮುತ್ತು ಅಂದರೆ ಹೆಚ್ಚು ಕಡಿಮೆ ಸುಣ್ಣದ ಜಾತಿ. ಹುಳಿ ತಾಗಿದರೆ ಮೇಲಿನ ಪದರ ಕರಗುತ್ತದೆ. ಹೋದ ಹೊಳಪು ವಾಪಸ್ ಬರುವುದಿಲ್ಲ. ನಿಂಬೆಹಣ್ಣು, ವಿನೆಗರ್, ಸೋಡಾ ಯಾವುದೂ ಬೇಡ. ಹಳೇ ಪಂಚೆಯ ಮೆತ್ತಗಿನ ತುಂಡನ್ನು ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿ ಒರೆಸಿ, ಅಷ್ಟು ಸಾಕು. ದಾರ ನೆನೆಯಬಾರದು.

ಆಮೇಲೆ ನೋಡುವುದು. ಬೆಳಗ್ಗೆ ಹತ್ತು ಗಂಟೆಯ ಹೊತ್ತಿಗೆ, ನೇರ ಬಿಸಿಲು ಬೀಳದ ಕಿಟಕಿಯ ಹತ್ತಿರ, ಬಿಳಿ ಬಟ್ಟೆಯ ಮೇಲೆ ಸರ ಹಾಸಿ. ಟ್ಯೂಬ್‌ಲೈಟ್ ಆರಿಸಿ. ಕೊಲ್ಲಿಯ ಮುತ್ತಿನ ವ್ಯಾಪಾರಿಗಳು ಮುತ್ತನ್ನು ಕೆಂಪು ಬಟ್ಟೆಯಲ್ಲಿ ಕಟ್ಟಿ ಇಟ್ಟುಕೊಳ್ಳುತ್ತಿದ್ದರು. ಕೆಂಪಿನ ಮೇಲೆ ಎಂಥ ಮುತ್ತೂ ಲಕ್ಷಣವಾಗಿ ಕಾಣುತ್ತದೆ ಬಿಡಿ. ಅಂಗಡಿಯಲ್ಲಿ ಕೆಂಪು ವೆಲ್ವೆಟ್ ಮೇಲೆ ಇಟ್ಟು ತೋರಿಸಿದರೆ, ಜೇಬಿನಿಂದ ಬಿಳಿ ಕರವಸ್ತ್ರ ತೆಗೆದು ಅದರ ಮೇಲೆ ಇಡಿಸಿ. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ಹಲ್ಲಿಗೆ ಉಜ್ಜಿ ನೋಡುವ ಪರೀಕ್ಷೆ ಎಲ್ಲರಿಗೂ ಗೊತ್ತು. ಸ್ವಲ್ಪ ತರಿತರಿ ಅನ್ನಿಸಿದರೆ ಮುತ್ತು, ಜಾರಿದರೆ ಗಾಜು. ಇದು ಗಾಜನ್ನು ಹಿಡಿಯುತ್ತದೆ, ಅಷ್ಟೇ. ಸಮುದ್ರದಲ್ಲಿ ತಾನಾಗಿ ಆದ ಮುತ್ತು, ಚಿಪ್ಪಿನೊಳಗೆ ಮಣಿ ಇಟ್ಟು ಬೆಳೆಸಿದ ಕಲ್ಚರ್ ಮುತ್ತು, ಎರಡಕ್ಕೂ ಹೊರಗಡೆ ಒಂದೇ ಪದರ. ಹಲ್ಲಿಗೆ ಎರಡೂ ಒಂದೇ. ರಂಧ್ರ ನೋಡಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಒಂದಿದ್ದರೆ ಸಾಕು. ಕಲ್ಚರ್ ಮುತ್ತಾದರೆ ರಂಧ್ರದ ಬಾಯಲ್ಲಿ ತೆಳ್ಳಗಿನ ಸಿಪ್ಪೆ, ಅದರ ಒಳಗೆ ಮಣಿ, ನಡುವೆ ಒಂದು ಗೆರೆ ಎಷ್ಟೋ ಸಲ ಕಾಣುತ್ತದೆ. ಹಳೇ ಮುತ್ತಿನ ರಂಧ್ರ ತುಂಬ ಸಣ್ಣ. ಅಮ್ಮನ ಸರದ ಆ ಎರಡಕ್ಕೆ ಮಾತ್ರ ದಪ್ಪ ರಂಧ್ರ. ಇಷ್ಟಾದರೂ ಇದು ಅಂದಾಜು. ಖಚಿತ ಆಗಬೇಕಾದರೆ ಎಕ್ಸ್‌ರೇ ಬೇಕು, ಅದಕ್ಕೆ ಮುಂಬೈಯಲ್ಲೋ ಜೈಪುರದಲ್ಲೋ ರತ್ನ ಪರೀಕ್ಷೆಯ ಲ್ಯಾಬಿಗೆ ಕೊಡಬೇಕು.

ನಮ್ಮ ಮನೆಗಳಲ್ಲಿ ಇದನ್ನು 'ಬಸ್ರಾ ಮುತ್ತು' ಅನ್ನುತ್ತೇವೆ ಅಲ್ವಾ? ಹೆಸರು ಇರಾಕಿನ ಬಂದರು ಬಸ್ರಾದ್ದು, ಮುತ್ತು ಸಿಗುತ್ತಿದ್ದದ್ದು ಕೊಲ್ಲಿಯ ಸಮುದ್ರದ ತಳದಲ್ಲಿ. ಬಹ್ರೇನ್ ಸುತ್ತಲಿನದು ಹೆಸರುವಾಸಿ. ಅಲ್ಲಿಂದ ಬೊಂಬಾಯಿಗೆ ಬಂದು, ರಂಧ್ರ ಕೊರೆದು, ಸರವಾಗಿ ಊರೂರಿಗೆ ಹೋಗುತ್ತಿತ್ತು. ಬಹ್ರೇನ್‌ನಲ್ಲಿ ಆಗ ಓಡುತ್ತಿದ್ದದ್ದೂ ನಮ್ಮ ರೂಪಾಯಿಯೇ. 1965ರಲ್ಲಿ ದಿನಾರ್ ಬರುವವರೆಗೂ ರೂಪಾಯಿ ಇತ್ತು.

ಈಗ ಮುಖ್ಯ ಕೆಲಸ, ಬರೆದಿಡುವುದು. ಚಿನ್ನಕ್ಕೆ ಹಾಲ್‌ಮಾರ್ಕ್ ಇದೆ. ಮುತ್ತಿಗೆ ಮುದ್ರೆ ಒತ್ತಲು ಜಾಗವೇ ಇಲ್ಲ. ಒಂದು ನೋಟ್‌ಬುಕ್ ತೆಗೆದುಕೊಂಡು ಪದಕದಿಂದ ಎಡಕ್ಕೆ ಎಷ್ಟು, ಬಲಕ್ಕೆ ಎಷ್ಟು ಅಂತ ಎಣಿಸಿ ಬರೆಯಿರಿ. ನಡುವಿನ ದೊಡ್ಡ ಹತ್ತು ಮುತ್ತನ್ನು ಒಂದೊಂದಾಗಿ ವರ್ನಿಯರ್‌ನಲ್ಲಿ (ದವಡೆಗಳ ನಡುವೆ ಹಿಡಿದು ದಪ್ಪ ಅಳೆಯುವ ಸಾಧನ) ಅಳೆಯಿರಿ. ವರ್ನಿಯರ್‌ನ ದವಡೆ ಒತ್ತಬೇಡಿ, ತಾಗಿಸಿ ಸಾಕು. ಚುಕ್ಕೆ, ಕುಳಿ, ಓರೆಕೋರೆ ಇದ್ದರೆ ಅದನ್ನೂ ಬರೆಯಿರಿ: 'ಬಲ 4, ರಂಧ್ರದ ಪಕ್ಕ ಸೂಜಿಮೊನೆಯಷ್ಟು ಕುಳಿ'. ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ.

ದೊಡ್ಡವನ್ನೇ ಯಾಕೆ ಅಷ್ಟು ಮುತುವರ್ಜಿಯಿಂದ ಅಳೆಯಬೇಕು? ಮುತ್ತಿನ ಬೆಲೆ ತೂಕದ ಜೊತೆ ಸಮನಾಗಿ ಏರುವುದಿಲ್ಲ. ತೂಕವನ್ನು ತೂಕದಿಂದಲೇ ಗುಣಿಸಿದ ಹಾಗೆ ಏರುತ್ತದೆ. ಕೊಲ್ಲಿಯಲ್ಲೂ ಬೊಂಬಾಯಿಯಲ್ಲೂ 'ಚವ್' ಅನ್ನುವ ಲೆಕ್ಕ ಹಾಕುತ್ತಿದ್ದದ್ದು ಇದಕ್ಕೇ. ಮುತ್ತಿಗೆ ಗ್ರೇನ್ ಅಂತ ಒಂದು ತೂಕ ಇದೆ. ನಾಲ್ಕು ಗ್ರೇನ್ ಅಂದರೆ ಒಂದು ಕ್ಯಾರೆಟ್, ಐದು ಕ್ಯಾರೆಟ್ ಅಂದರೆ ಒಂದು ಗ್ರಾಂ. ಎರಡು ಗ್ರೇನಿನ ಮುತ್ತಿಗೆ ನಾಲ್ಕು ಪಾಲು ಬೆಲೆ ಅಂದುಕೊಳ್ಳಿ. ಅದೇ ಗುಣದ ನಾಲ್ಕು ಗ್ರೇನಿನದಕ್ಕೆ ಹದಿನಾರು ಪಾಲು. ತೂಕ ಎರಡರಷ್ಟು, ಬೆಲೆ ನಾಲ್ಕರಷ್ಟು. ಬದಲಾಯಿಸುವವನು ಕೊಂಡಿ ಹತ್ತಿರದ ಸಣ್ಣ ಮುತ್ತಿಗೆ ಕೈ ಹಾಕುವುದಿಲ್ಲ, ಪದಕದ ಅಕ್ಕಪಕ್ಕಕ್ಕೇ ಹಾಕುತ್ತಾನೆ. ನಮ್ಮದರಲ್ಲಿ ಹೋದದ್ದೂ ಅವೇ ಎರಡು.

ಬಹ್ರೇನ್ ವ್ಯಾಪಾರಿಗಳ ಹತ್ತಿರ ಒಂದರೊಳಗೆ ಒಂದು ಕೂರುವ ಹಿತ್ತಾಳೆ ಜರಡಿಗಳು ಇರುತ್ತಿದ್ದವು. ಮುತ್ತು ಸುರಿದು ಅಲ್ಲಾಡಿಸಿದರೆ ದೊಡ್ಡದು ಮೇಲೆ ಉಳಿಯುತ್ತದೆ. ಅದಕ್ಕೆ 'ರಾಸ್', ತಲೆ. ಮುಂದಿನದು 'ಬತ್ನ್', ಹೊಟ್ಟೆ. ಕೊನೆಗೆ 'ಧೈಲ್', ಬಾಲ. ಮೊದಲ ಸಲ ಕೇಳಿದಾಗ ನನಗೆ ನೆನಪಾದದ್ದು ನಮ್ಮ ಅಡಿಕೆ ಮಂಡಿ. ಅಡಿಕೆಗೂ ಹೀಗೆಯೇ ದರ್ಜೆ: ಸರಕು, ಬೆಟ್ಟೆ, ರಾಶಿ, ಗೊರಬಲು.

ಮಂಡಿಯ ನೆನಪು ಬರಲು ಇನ್ನೂ ಒಂದು ಕಾರಣ ಇದೆ. ಬೆಳೆ ಬರುವ ಮುಂಚೆ ಮಂಡಿಯವರ ಹತ್ತಿರ ಮುಂಗಡ ತಂದು, ಅಡಿಕೆಯನ್ನು ಅವರಿಗೇ ಹಾಕುವುದು ನಮ್ಮ ಕಡೆ ಹೊಸದೇನಲ್ಲ. ಬಹ್ರೇನ್‌ನ ಮುತ್ತಿನ ಕಸುಬಿನಲ್ಲೂ ಹಾಗೆಯೇ. ಬೇಸಿಗೆಯಲ್ಲಿ ಸುಮಾರು ನಾಲ್ಕು ತಿಂಗಳು ದೋಣಿ ಸಮುದ್ರದಲ್ಲಿ. ಮುಳುಗುವವರು ಮೂಗಿಗೆ ಕ್ಲಿಪ್ ಹಾಕಿ, ಕಾಲಿಗೆ ಕಲ್ಲಿನ ಭಾರ ಕಟ್ಟಿಕೊಂಡು ಇಳಿಯುತ್ತಿದ್ದರು. ದೋಣಿಯ ಯಜಮಾನ ನಖೋದಾ ಮನೆಖರ್ಚಿಗೆ ಮುಂಗಡ ಕೊಡುತ್ತಿದ್ದ, ಲೆಕ್ಕವನ್ನೂ ಅವನೇ ಬರೆಯುತ್ತಿದ್ದ. ಮುಳುಗುವವನಿಗೆ ಓದಲು ಬರುತ್ತಿರಲಿಲ್ಲ. ಸಾಲ ತೀರುತ್ತಲೂ ಇರಲಿಲ್ಲ. ಅಪ್ಪ ಸತ್ತರೆ ಮಗನ ತಲೆಗೆ.

ಬ್ರಿಟಿಷರು ಅಲ್ಲಿ ರಾಜ್ಯ ಆಳಲಿಲ್ಲ. ಶೇಖ್ ಇದ್ದ, ಅವನ ಪಕ್ಕದಲ್ಲಿ ಬ್ರಿಟಿಷ್ ಪೊಲಿಟಿಕಲ್ ಏಜೆಂಟ್ ಇದ್ದ. ಮೈಸೂರಿನ ಅರಮನೆಗೆ ರೆಸಿಡೆಂಟ್ ಇದ್ದ ಹಾಗೆ. 1921ರಲ್ಲಿ ಬಂದ ಏಜೆಂಟ್ ಮೇಜರ್ ಡೇಲಿ ಈ ಸಾಲದ ವ್ಯವಸ್ಥೆಗೆ ಕೈ ಹಾಕಿದರು. 1923ರಲ್ಲಿ ವಯಸ್ಸಾದ ಶೇಖ್ ಈಸಾರನ್ನು ಬದಿಗೆ ಸರಿಸಿ ಮಗ ಶೇಖ್ ಹಮದ್ ಕೈಗೆ ಆಡಳಿತ ಕೊಡಿಸಿದರು. ಮುಳುಗುವ ಪ್ರತಿಯೊಬ್ಬನಿಗೂ ಅವನದೇ ಲೆಕ್ಕದ ಪುಸ್ತಕ ಇರಬೇಕು, ಕೊಟ್ಟದ್ದು ತೀರಿಸಿದ್ದು ಅದರಲ್ಲಿ ಬರೆದಿರಬೇಕು ಅಂತ ಆಯಿತು. ನಖೋದಾಗಳಿಗೆ ಸಿಟ್ಟು ಬಂದದ್ದು ಈ ಸಣ್ಣ ಪುಸ್ತಕಕ್ಕೆ. ನಾನು ಗುಮಾಸ್ತ, ನನಗೆ ಅದು ಚೆನ್ನಾಗಿ ಅರ್ಥ ಆಗುತ್ತದೆ. ಎರಡನೇ ಪ್ರತಿ ಇರುವ ಲೆಕ್ಕವನ್ನು ತಿದ್ದುವುದು ಕಷ್ಟ.

ಆಗಿನ ಬಹ್ರೇನ್ ಪೊಲೀಸರದು ಬೇರೆ ಕತೆ. ಮೊದಲು ಬಲೂಚಿಗಳ ದಳ ಕಟ್ಟಿದರು. 1926ರ ಆಗಸ್ಟ್‌ನಲ್ಲಿ ಅದರ ಒಬ್ಬ ಸಿಪಾಯಿಯೇ ತನ್ನ ಇಬ್ಬರು ಮೇಲಿನವರನ್ನು ಕೊಂದು ಡೇಲಿಯನ್ನು ಗಾಯಗೊಳಿಸಿದ. ಆ ದಳ ಬರಖಾಸ್ತಾಗಿ ನಮ್ಮ ಪಂಜಾಬಿನಿಂದ ಜನ ಬಂದರು. ಅದೇ ವರ್ಷ ಮಾರ್ಚ್‌ನಲ್ಲಿ ಚಾರ್ಲ್ಸ್ ಬೆಲ್‌ಗ್ರೇವ್ ಅನ್ನುವ ಇಂಗ್ಲಿಷಿನವರು ಬಂದಿಳಿದಿದ್ದರು, ಲಂಡನ್ ಪತ್ರಿಕೆಯ ಜಾಹೀರಾತು ನೋಡಿ ಅರ್ಜಿ ಹಾಕಿ ಸಿಕ್ಕ ಕೆಲಸ. ಹೆಸರಿಗೆ ಶೇಖ್‌ಗೆ ಸಲಹೆಗಾರ. ಖಜಾನೆ, ಪೊಲೀಸು, ಕೋರ್ಟು ಎಲ್ಲದರಲ್ಲೂ ಅವರ ಕೈ. 1957ರವರೆಗೂ ಇದ್ದರು. ಮನಾಮಾ ಬಜಾರಿನ ಹೆಬ್ಬಾಗಿಲು ಬಾಬ್ ಅಲ್ ಬಹ್ರೇನ್ ಅವರ ವಿನ್ಯಾಸವೇ. ಶುಕ್ರವಾರ ಅದರ ಕೆಳಗೆ ನಿಂತು ಊರಿನವರಿಗಾಗಿ ಎಷ್ಟೋ ಸಲ ಕಾದಿದ್ದೇನೆ. 1929ರ ನಂತರ ಮುತ್ತಿನ ಬೆಲೆ ಬಿತ್ತು, ಜಪಾನಿನ ಕಲ್ಚರ್ ಮುತ್ತು ಬಂತು. ಮುಂಗಡ ಕಡಿಮೆ ಆಯಿತು. 1932ರಲ್ಲಿ ಮುಳುಗುವವರು ಗಲಾಟೆಗೆ ಇಳಿದರು. ಪುಸ್ತಕ ಇದ್ದ ಮಾತ್ರಕ್ಕೆ ಹೊಟ್ಟೆ ತುಂಬುವುದಿಲ್ಲವಲ್ಲ. ಅದೇ ವರ್ಷ ಅಲ್ಲಿ ಎಣ್ಣೆ ಸಿಕ್ಕಿತು. ಕಲ್ಚರ್ ಮುತ್ತಿನ ವ್ಯಾಪಾರಕ್ಕೆ ಮಾತ್ರ ಬಹ್ರೇನ್‌ನಲ್ಲಿ ಇವತ್ತಿಗೂ ನಿಷೇಧ ಇದೆ.

ಸರದ ವಿಷಯಕ್ಕೆ ಬರುತ್ತೇನೆ. ಪೋಣಿಸಲು ಕೊಡುವಾಗ, ಸಾಧ್ಯವಾದರೆ ಎದುರಿಗೇ ಕೂತು ಮಾಡಿಸಿ. ಒಂದೆಳೆ ಸರಕ್ಕೆ ಒಂದು ಮಧ್ಯಾಹ್ನ ಹಿಡಿಯಬಹುದು, ಫ್ಲಾಸ್ಕಿನಲ್ಲಿ ಕಾಫಿ ತೆಗೆದುಕೊಂಡು ಹೋಗಿ. ಹಳೇ ದಾರ ಕತ್ತರಿಸಿದ ಮೇಲೆ ಬರೀ ಮುತ್ತನ್ನು ಕ್ಯಾರೆಟ್ ತಕ್ಕಡಿಯಲ್ಲಿ ತೂಗಿಸಿ ಬರೆದುಕೊಳ್ಳಿ. ಬಿಟ್ಟು ಬರಲೇಬೇಕಾದರೆ ನೋಟ್‌ಬುಕ್ಕಿನ ಆ ಪುಟವನ್ನು ಎರಡು ಪ್ರತಿ ಮಾಡಿ, ಎರಡಕ್ಕೂ ಅಂಗಡಿಯವರ ಸಹಿ, ಸೀಲು ಹಾಕಿಸಿ. ಒಂದು ಅವರಿಗೆ, ಒಂದು ನಿಮಗೆ. 'ನಂಬಿಕೆ ಇಲ್ವಾ ಸಾರ್?' ಅನ್ನುತ್ತಾರೆ. 'ನಂಬಿಕೆ ಇದೆ, ಮರೆವು ಜಾಸ್ತಿ' ಅನ್ನಿ. ನಾನು ಹಾಗೆ ಹೇಳಿದ ಮೇಲೆ ಯಾರೂ ಸಹಿ ಹಾಕಲ್ಲ ಅಂದಿಲ್ಲ.

ರೇಷ್ಮೆ ದಾರವೇ ಹಾಕಿಸಿ. ದೊಡ್ಡ ಮುತ್ತಾದರೆ ಪ್ರತಿಯೊಂದರ ನಡುವೆ ಗಂಟು ಬೇಕು. ದಾರ ಹರಿದರೂ ಒಂದೇ ಮುತ್ತು ಬೀಳುತ್ತದೆ, ಒಂದಕ್ಕೊಂದು ಉಜ್ಜುವುದೂ ಇಲ್ಲ. ಸಾಸಿವೆಯಷ್ಟು ಸಣ್ಣದಾದರೆ ಅಲ್ಲಲ್ಲಿ ಒಂದು ಗಂಟು ಸಾಕು. ದಪ್ಪ ದಾರ ತೂರಿಸಲು ರಂಧ್ರ ಅಗಲ ಮಾಡುತ್ತೇವೆ ಅಂದರೆ ಕೂಡಲೇ ಬೇಡ ಅನ್ನಿ. ಮುತ್ತು ಸೀಳಬಹುದು, ತೂಕವೂ ಹೋಗುತ್ತದೆ. ಹಳೇ ಮುತ್ತು ಅನ್ನುವುದಕ್ಕೆ ಇದ್ದ ಒಂದು ಗುರುತನ್ನೂ ಅಳಿಸಿದ ಹಾಗೆ. ದಾರವನ್ನೇ ತೆಳ್ಳಗೆ ಮಾಡಿಕೊಳ್ಳಲಿ.

ಆಷಾಢ, ಶ್ರಾವಣದಲ್ಲಿ ಈ ಕೆಲಸ ಇಟ್ಟುಕೊಳ್ಳಬೇಡಿ. ತೀರ್ಥಹಳ್ಳಿ, ಆಗುಂಬೆ ಕಡೆಯ ಮನೆಗಳಲ್ಲಿ ಆ ಎರಡು ತಿಂಗಳು ಒಗೆದ ಪಂಚೆಯೇ ಒಣಗುವುದಿಲ್ಲ, ರೇಷ್ಮೆ ದಾರ ಒಣಗುತ್ತದಾ? ತೇವದಲ್ಲಿ ಗಂಟು ಹಾಕಿದರೆ ಬೇಸಿಗೆಯಲ್ಲಿ ಸಡಿಲವಾಗುತ್ತದೆ. ದೀಪಾವಳಿ ಕಳೆದ ಮೇಲೆ ಒಳ್ಳೆಯದು.

ವಾಪಸ್ ತೆಗೆದುಕೊಳ್ಳುವಾಗ ಅಂಗಡಿಯಲ್ಲೇ ಎಣಿಸಿ. ನಡುವಿನ ಹತ್ತನ್ನು ಮತ್ತೆ ಅಳೆಯಿರಿ, ಗುರುತು ಬರೆದಿಟ್ಟ ಮುತ್ತು ಅದೇ ಜಾಗದಲ್ಲಿದೆಯಾ ನೋಡಿ. ಪದಕ, ಕೊಂಡಿ ಬಿಟ್ಟರೆ ಒಟ್ಟು ತೂಕ ದಾರದಿಂದ ಒಂಚೂರು ಹೆಚ್ಚಬಹುದು, ಕಡಿಮೆ ಆಗಬಾರದು. ಅನುಮಾನ ಬಂದರೆ ಹೊಸ ದಾರ ಬಿಚ್ಚಬೇಡಿ. ಹಾಗೆಯೇ ಒಂದು ಡಬ್ಬಿಗೆ ಹಾಕಿ, ಸಹಿ ಇರುವ ಕಾಗದ, ಫೋಟೋ ಜೊತೆ ಸ್ಟೇಷನ್ನಿಗೆ ಹೋಗಿ. ಆಗ ಅವರಿಗೂ ಬರೆದುಕೊಳ್ಳಲು ಏನಾದರೂ ಇರುತ್ತದೆ.

ಹಾಕಿಕೊಳ್ಳುವುದು ಎಲ್ಲ ಮುಗಿದ ಮೇಲೆ. ಮೊದಲು ಪೌಡರ್, ಸೆಂಟು, ಕೂದಲೆಣ್ಣೆ, ಕೊನೆಗೆ ಸರ. ಬಿಚ್ಚಿದ ಮೇಲೆ ಬೆವರು ಒರೆಸಿ, ಹತ್ತಿ ಬಟ್ಟೆಯಲ್ಲಿ ಸುತ್ತಿ ಇಡಿ. ಚಿನ್ನದ ಬಳೆಗಳ ಜೊತೆ ಒಂದೇ ಡಬ್ಬಿಗೆ ಹಾಕಿದರೆ ಗೀಚು ಬೀಳುತ್ತದೆ. ಪ್ಲಾಸ್ಟಿಕ್ ಕವರ್ ಬೇಡ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಹೊರಗೆ ತೆಗೆದು ಗಾಳಿಗೆ ಹಾಸಿ, ಇಲ್ಲದಿದ್ದರೆ ದಾರಕ್ಕೆ ಬೂಷ್ಟು ಹಿಡಿಯುತ್ತದೆ.

ಅಮ್ಮ ಈಗಲೂ ಅದೇ ಸರ ಹಾಕಿಕೊಳ್ಳುತ್ತಾಳೆ. ಆ ಎರಡನ್ನು ತೆಗೆಸೋಣ ಅಂದರೆ ಬೇಡ ಅನ್ನುತ್ತಾಳೆ, ಸರ ಗಿಡ್ಡ ಆಗುತ್ತದಂತೆ. ನನ್ನ ನೋಟ್‌ಬುಕ್ಕಿನ ಮೊದಲನೇ ಪುಟದಲ್ಲಿ ಅವೆರಡೂ ಇವೆ: 'ಎಡ 1, ಬಲ 1. ಬಿಳಿ. ರಂಧ್ರ ದಪ್ಪ. ನಮ್ಮವಲ್ಲ.'