ಎಬಿಎಸ್ ಲೈಟ್ ಬಂದ ತಕ್ಷಣ ಸೆನ್ಸರ್ ಬದಲಿಸಬೇಡಿ

ನನ್ನ ಬಳಿ ಎರಡು ಸೀಟಿನ ಹಳೇ ಸ್ಪೋರ್ಟ್ಸ್ ಕಾರಿದೆ. ಓಡಾಟ ಹೆಚ್ಚಾಗಿ ಮೈಸೂರಲ್ಲೇ. ಕಳೆದ ಮಳೆಗಾಲದಲ್ಲಿ ಮೀಟರ್ ಬೋರ್ಡಿನಲ್ಲಿ ಎರಡು ಹಳದಿ ಲೈಟ್ ಒಟ್ಟಿಗೆ ಬಂದವು. ಒಂದು ಎಬಿಎಸ್, ಅಂದರೆ ಜೋರಾಗಿ ಬ್ರೇಕ್ ತುಳಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ. ಇನ್ನೊಂದು ಟ್ರ್ಯಾಕ್ಷನ್ ಕಂಟ್ರೋಲ್, ಅಂದರೆ ವೇಗ ಹೆಚ್ಚಿಸುವಾಗ ಚಕ್ರ ಜಾರಿ ಸುತ್ತದಂತೆ ನೋಡಿಕೊಳ್ಳುವುದು. ಎರಡು ಲೈಟ್ ಬಂತು ಅಂದರೆ ಎರಡು ಕಡೆ ತೊಂದರೆ ಅಂತ ಹೆದರಬೇಕಿಲ್ಲ. ಚಕ್ರಗಳ ವೇಗದ ಲೆಕ್ಕ ಎರಡಕ್ಕೂ ಅದೇ ನಾಲ್ಕು ಸೆನ್ಸರ್‌ಗಳಿಂದ ಹೋಗುತ್ತದೆ. ಒಂದು ಕೈಕೊಟ್ಟರೂ ಎರಡೂ ಕೆಲಸ ನಿಲ್ಲಿಸುತ್ತವೆ.

ಹಳದಿ ಲೈಟ್ ಮಾತ್ರ ಇದ್ದರೆ ಮಾಮೂಲಿ ಬ್ರೇಕ್ ಹಿಡಿಯುತ್ತದೆ. ಆದರೆ ಜೋರಾಗಿ ತುಳಿದರೆ ಚಕ್ರ ಲಾಕ್ ಆಗಬಹುದು, ಹಾಗಾಗಿ ನಿಧಾನಕ್ಕೆ ಮನೆ ಸೇರಿಕೊಳ್ಳಿ. ಜೊತೆಗೆ ಕೆಂಪು ಬ್ರೇಕ್ ಲೈಟೂ ಬಂದರೆ ಗಾಡಿ ಪಕ್ಕಕ್ಕೆ ಹಾಕಿ, ಮುಂದೆ ಓಡಿಸಲೇಬೇಡಿ.

ಕಾರಿನ ಕಂಪ್ಯೂಟರಿನಿಂದ ತೊಂದರೆಯ ಕೋಡ್ ಓದುವ ಕಡಿಮೆ ಬೆಲೆಯ ಓಬಿಡಿ ಸ್ಕ್ಯಾನರ್ ಹಾಕಿದರೆ 'ಏನೂ ತೊಂದರೆ ಇಲ್ಲ' ಅಂತ ಬಂತು. ಅಂಥ ಸ್ಕ್ಯಾನರ್‌ಗಳಲ್ಲಿ ಹೆಚ್ಚಿನವು ಎಂಜಿನ್ನಿನ 'ಪಿ' ಕೋಡ್‌ಗಳನ್ನಷ್ಟೇ ಓದುತ್ತವೆ. ಬ್ರೇಕಿನದು 'ಸಿ' ಕೋಡ್. ಗೆಳೆಯನ ಬಳಿ ಎಬಿಎಸ್ ಓದುವ ಸ್ಕ್ಯಾನರ್ ಇತ್ತು. ಅದರಲ್ಲಿ ಸಿ0040 ಸಿಕ್ಕಿತು. ಅಂದರೆ ಮುಂದಿನ ಬಲಚಕ್ರದ ಸೆನ್ಸರ್ ಸರ್ಕ್ಯೂಟ್.

ಸರ್ಕ್ಯೂಟ್ ಅಂದರೆ ಸೆನ್ಸರ್, ವೈರ್, ವೈರ್ ಜೋಡಿಸುವ ಕಪ್ಲರ್ ಎಲ್ಲವೂ ಸೇರಿತು. ಕೋಡ್ ಬೀದಿ ತೋರಿಸುತ್ತದೆ, ಮನೆ ನಾವೇ ಹುಡುಕಬೇಕು. ಒಂದು ಗ್ಯಾರೇಜಿನಲ್ಲಿ "ಸೆನ್ಸರ್ ಹಾಕೋಣ ಸಾರ್, ಸರಿ ಹೋಗ್ಲಿಲ್ಲ ಅಂದ್ರೆ ಎಬಿಎಸ್ ಮಾಡ್ಯೂಲೇ ಬದಲಾಯಿಸೋಣ" ಅಂದರು. ಮಾಡ್ಯೂಲ್ ಅಂದರೆ ಎಬಿಎಸ್ ನಡೆಸುವ ಕಂಪ್ಯೂಟರ್ ಪೆಟ್ಟಿಗೆ. ನನಗೆ ಒಪ್ಪಿಗೆಯಾಗಲಿಲ್ಲ. ಯಾಕೆಂದರೆ ರಿಂಗ್ ರೋಡಿನಲ್ಲಿ ನೇರ ಓಡಿಸಿದರೆ ಲೈಟ್ ಬರುತ್ತಲೇ ಇರಲಿಲ್ಲ. ಸೆನ್ಸರ್ ಪೂರ್ತಿ ಸತ್ತಿದ್ದರೆ ಅಲ್ಲೂ ಬರಬೇಕಿತ್ತು, ಅಲ್ವಾ?

ಬೆಳಿಗ್ಗೆ ರಸ್ತೆ ಖಾಲಿ ಇದ್ದಾಗ ಚಾಮುಂಡಿ ಬೆಟ್ಟಕ್ಕೆ ಹೊರಟೆವು. ಗೆಳೆಯ ಪಕ್ಕದಲ್ಲಿ ಸ್ಕ್ಯಾನರ್ ಹಿಡಿದು ನಾಲ್ಕು ಚಕ್ರಗಳ ವೇಗ ನೋಡುತ್ತಿದ್ದ. ಬಲಕ್ಕೆ ಎಷ್ಟು ತಿರುಗಿಸಿದರೂ ನಾಲ್ಕೂ ಹೆಚ್ಚುಕಡಿಮೆ ಒಂದೇ. ಬಿಗಿಯಾದ ಒಂದು ಎಡ ತಿರುವಿನಲ್ಲಿ ಮೂರು ಚಕ್ರ ಗಂಟೆಗೆ ಇಪ್ಪತ್ತು ಕಿಲೋಮೀಟರಿನ ಆಸುಪಾಸಿನಲ್ಲಿದ್ದಾಗಲೇ ಮುಂದಿನ ಬಲಚಕ್ರ ಸೊನ್ನೆಗೆ ಬಿತ್ತು. ಮರುಗಳಿಗೆಯೇ ಲೈಟ್ ಬಂತು. ಸ್ಟೀರಿಂಗ್ ಜೊತೆ ಚಕ್ರ ಪಕ್ಕಕ್ಕೆ ತಿರುಗಿದಾಗ ಎಳೆತಕ್ಕೆ ಸಿಗುವುದು ಸೆನ್ಸರಿನ ವೈರ್. ಅಲ್ಲಿಗೆ ಅನುಮಾನ ಅದರ ಮೇಲೆ ಬಂತು.

ಮನೆಯಲ್ಲಿ ಜಾಕ್ ಹಾಕಿ, ಕೆಳಗೆ ಸ್ಟ್ಯಾಂಡ್ ಕೊಟ್ಟು ಚಕ್ರ ಬಿಚ್ಚಿದೆ. ಬರೀ ಜಾಕ್ ನಂಬಿ ಕೈ ಒಳಗೆ ಹಾಕಬೇಡಿ. ಇಗ್ನಿಷನ್ ಆಫ್ ಮಾಡಿ, ಕಪ್ಲರ್ ಬಿಚ್ಚಿ ಸೆನ್ಸರ್ ಕಡೆಯ ತುದಿಗೆ ಮಲ್ಟಿಮೀಟರ್ ಹಿಡಿದರೆ ವಿದ್ಯುತ್ ತಡೆ (ರೆಸಿಸ್ಟೆನ್ಸ್) ಸಾವಿರ ಓಮ್‌ಗಿಂತ ಸ್ವಲ್ಪ ಜಾಸ್ತಿ ತೋರಿಸಿತು. ಎಡಗಡೆಯದೂ ಹೆಚ್ಚುಕಡಿಮೆ ಅಷ್ಟೇ. ಮ್ಯಾನುಯಲ್ ಕೈಲಿಲ್ಲದಿದ್ದರೆ ಚೆನ್ನಾಗಿರುವ ಇನ್ನೊಂದು ಬದಿಯೇ ಒಳ್ಳೆಯ ಅಳತೆಗೋಲು. ಇಲ್ಲಿಗೇ ಬಿಟ್ಟಿದ್ದರೆ ಎಲ್ಲ ಸರಿ ಇದೆ ಅನ್ನಿಸುತ್ತಿತ್ತು. ಮೀಟರ್ ತೆಗೆಯದೆ ಗೆಳೆಯನಿಗೆ ಸ್ಟೀರಿಂಗ್ ಪೂರ್ತಿ ಎಡಕ್ಕೆ ತಿರುಗಿಸಲು ಹೇಳಿದೆ. ಅಂಕಿ ಕುಣಿದು, ಕೊನೆಗೆ ಸಂಪರ್ಕವೇ ಇಲ್ಲ ಅಂತ ತೋರಿಸಿತು. ವಾಪಸ್ ತಂದರೆ ಮತ್ತೆ ಸಾವಿರದ ಮೇಲೆ.

ಕಾರಣವೂ ಕಣ್ಣೆದುರೇ ಇತ್ತು. ಹಿಂದೆ ಶಾಕ್ ಅಬ್ಸಾರ್ಬರ್ ಬದಲಿಸಿದವರು ಸೆನ್ಸರ್ ವೈರನ್ನು ಬ್ರಾಕೆಟ್ಟಿಗೆ ಸಿಕ್ಕಿಸಿರಲಿಲ್ಲ. ಹಿಡಿತವಿಲ್ಲದೆ ವೈರ್ ಒಂದೇ ಜಾಗದಲ್ಲಿ ಮಡಚಿಕೊಳ್ಳುತ್ತಿತ್ತು. ಆಮೇಲೆ ಆ ಜಾಗವನ್ನು ಬ್ಲೇಡಿನಿಂದ ಸೀಳಿ ನೋಡಿದೆ. ಹೊರಗಿನ ರಬ್ಬರ್‌ನಲ್ಲಿ ಒಂದು ಸಣ್ಣ ಬಿರುಕು, ಅಷ್ಟೇ. ಒಳಗೆ ತಾಮ್ರದ ಎಳೆಗಳು ಹಸಿರು ಹಿಡಿದು ತುಂಡಾಗಿದ್ದವು. ಮಡಚಿದಾಗ ಬಿಟ್ಟುಕೊಂಡು, ನೇರ ಮಾಡಿದರೆ ತುದಿಗೆ ತುದಿ ತಾಗುತ್ತಿದ್ದವು.

ಇಲ್ಲಿ ಬೆಸುಗೆ ಹಾಕುವುದು ನನಗೆ ಸರಿ ಕಾಣಲಿಲ್ಲ. ಸದಾ ಬಾಗುವ ಜಾಗದಲ್ಲಿ ಬೆಸುಗೆಯ ಪಕ್ಕದಲ್ಲೇ ಮತ್ತೆ ತುಂಡಾಗುತ್ತದೆ, ಅದೂ ಬ್ರೇಕಿನ ಕೆಲಸ. ನನ್ನ ಕಾರಿನಲ್ಲಿ ಸೆನ್ಸರ್ ಮತ್ತು ವೈರ್ ಒಂದೇ ತುಂಡು, ಹಾಗಾಗಿ ಹೊಸದೇ ಹಾಕಿದೆ. ತುಕ್ಕು ಹಿಡಿದ ಬೋಲ್ಟಿಗೆ ಆಯಿಲ್ ಬಿಟ್ಟು ರಾತ್ರಿಯಿಡೀ ಕಾದೆ. ಸೆನ್ಸರ್ ಕೂರುವ ಜಾಗವನ್ನು ಎಮರಿ ಪೇಪರಿನಿಂದ ಉಜ್ಜಿದೆ. ತುಕ್ಕು ಉಳಿದರೆ ಸೆನ್ಸರ್ ಮೇಲೆದ್ದು, ಚಕ್ರದ ಜೊತೆ ಸುತ್ತುವ, ಸೆನ್ಸರ್ ವೇಗ ಓದುವ ಹಲ್ಲಿನ ಬಳೆಗೂ ಅದಕ್ಕೂ ನಡುವಿನ ಸಂದು ಜಾಸ್ತಿಯಾಗುತ್ತದೆ. ಈ ಸಲ ವೈರನ್ನು ಬ್ರಾಕೆಟ್ಟಿಗೆ ಕೂರಿಸಿ, ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿದೆ. ಎಲ್ಲೂ ಬಿಗಿಯಲಿಲ್ಲ.

ಕೋಡ್ ಅಳಿಸಿ ಅದೇ ಬೆಟ್ಟದ ರಸ್ತೆಗೆ ಹೋದೆವು. ಎಡ ತಿರುವುಗಳಲ್ಲೂ ನಾಲ್ಕು ಅಂಕಿ ಜೊತೆಯಾಗೇ ಓಡಿದವು.

ಈ ಓಮ್ ಪರೀಕ್ಷೆ ಹಳೆಯ ಬಗೆಯ, ಒಳಗೆ ಬರೀ ಕಾಯಿಲ್ ಇರುವ ಸೆನ್ಸರಿಗೆ ಮಾತ್ರ. ಈಗಿನ ಹೆಚ್ಚಿನ ಕಾರುಗಳ ಸೆನ್ಸರ್ ಒಳಗೆ ಎಲೆಕ್ಟ್ರಾನಿಕ್ ಚಿಪ್ ಇರುತ್ತದೆ. ಅದರಲ್ಲಿ ಓಮ್ ನೋಡಿದರೆ ಏನೂ ಗೊತ್ತಾಗದು, ಸೆನ್ಸರ್ ಕೆಟ್ಟರೂ ಕೆಡಬಹುದು. ಅಂಥ ಕಾರಿಗೆ ಸ್ಕ್ಯಾನರಿನಲ್ಲಿ ಚಕ್ರಗಳ ವೇಗ ನೋಡಿಕೊಂಡೇ ಹುಡುಕಿ.