ಮಗಳಿಗೆ ಅರ್ಲಿ ಡಿಸಿಷನ್ ಬೇಡ ಅಂದದ್ದು ಏಕೆ

ನಾವಿರುವುದು ನ್ಯೂಜೆರ್ಸಿಯಲ್ಲಿ. ಮಗಳು ಹನ್ನೆರಡನೇ ತರಗತಿಗೆ ಬಂದ ಕೂಡಲೇ ಇಲ್ಲಿನ ಕನ್ನಡದ ಗೆಳೆಯರದ್ದೆಲ್ಲ ಒಂದೇ ಪ್ರಶ್ನೆ: "ಅರ್ಲಿ ಡಿಸಿಷನ್ ಎಲ್ಲಿಗೆ ಹಾಕ್ತಿದ್ದೀರಿ?" ಅವಳಿಗೆ ಐವಿ ಲೀಗ್, ಅಂದರೆ ಅಮೆರಿಕದ ಎಂಟು ಹೆಸರಾಂತ ಖಾಸಗಿ ವಿಶ್ವವಿದ್ಯಾಲಯಗಳ ಗುಂಪಿನ, ಒಂದು ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಮೇಲೆ ತುಂಬಾ ಆಸೆ ಇತ್ತು.

ಅರ್ಲಿ ಡಿಸಿಷನ್ ಅಂದರೆ ಮಾತು ಕೊಟ್ಟುಬಿಟ್ಟಂತೆ. ಈ ಬಗೆಯ ಅರ್ಜಿಯನ್ನು ಒಂದೇ ಕಾಲೇಜಿಗೆ ಹಾಕಬೇಕು. ಮಕ್ಕಳು, ಅಪ್ಪ ಅಥವಾ ಅಮ್ಮ, ಶಾಲೆಯ ಕೌನ್ಸೆಲರ್ ಮೂವರೂ ಸಹಿ ಹಾಕಬೇಕು. ನವೆಂಬರ್ ಮೊದಲ ಭಾಗದಲ್ಲಿ ಅರ್ಜಿ, ಡಿಸೆಂಬರ್ ಮಧ್ಯದಲ್ಲಿ ಉತ್ತರ. ಸೀಟು ಸಿಕ್ಕರೆ ಉಳಿದ ಅರ್ಜಿಗಳನ್ನು ವಾಪಸ್ ಪಡೆದು ಅಲ್ಲಿಗೇ ಸೇರಬೇಕು. ಅರ್ಲಿ ಆಕ್ಷನ್ ಅನ್ನುವ ಇನ್ನೊಂದು ಬಗೆಯಲ್ಲಿ ಈ ಕಟ್ಟು ಇಲ್ಲ. ಉತ್ತರ ಬೇಗ ಬರುತ್ತದೆ, ಮೇ 1ರವರೆಗೆ ಯೋಚಿಸಬಹುದು.

ನಾವು ಮೊದಲು ಮಾಡಿದ್ದು ಆ ವಿಶ್ವವಿದ್ಯಾಲಯದ ನೆಟ್ ಪ್ರೈಸ್ ಕ್ಯಾಲ್ಕ್ಯುಲೇಟರ್ ತುಂಬಿದ್ದು. ನೆರವು ಕಳೆದು ನಮಗೆ ಎಷ್ಟು ಖರ್ಚು ಬೀಳಬಹುದು ಅಂತ ಅಂದಾಜು ತೋರಿಸುವ ಆನ್‌ಲೈನ್ ಲೆಕ್ಕ ಅದು. ಸಂಬಳ, ಉಳಿತಾಯ, ಮನೆಯ ಸಾಲ ಎಲ್ಲ ಹಾಕುತ್ತಾ ಹೋದೆವು. ಬೇರೆ ಆಸ್ತಿ ಅನ್ನುವ ಜಾಗಕ್ಕೆ ಬಂದಾಗ ಮಗಳು ಕೇಳಿದಳು, "ಅಮ್ಮಾ, ಮೈಸೂರಿನ ಸೈಟೂ ಹಾಕಬೇಕಾ?" ಹಾಕಲೇಬೇಕು, ಅದು ನಮ್ಮ ಹೆಸರಿನಲ್ಲೇ ಇದೆ. ಕೊನೆಯಲ್ಲಿ ಬಂದ ಮೊತ್ತ ಹೆಚ್ಚುಕಡಿಮೆ ಪೂರ್ತಿ ಖರ್ಚೇ, ವರ್ಷಕ್ಕೆ 90,000 ಡಾಲರ್ ಹತ್ತಿರ. ಐವಿ ಲೀಗ್‌ನಲ್ಲಿ ಮೆರಿಟ್ ಸ್ಕಾಲರ್‌ಶಿಪ್ ಇಲ್ಲ, ಮನೆಯ ಪರಿಸ್ಥಿತಿ ನೋಡಿ ಕೊಡುವ ನೆರವು ಮಾತ್ರ.

"ದುಡ್ಡು ಸಾಲದಿದ್ದರೆ ಬಿಡಬಹುದಂತಲ್ಲ" ಅಂದರು ನಮ್ಮೆಜಮಾನರು. ನಿಜ, ಕೊಟ್ಟ ನೆರವು ಸಾಲದಿದ್ದರೆ ಬಿಡುಗಡೆ ಕೇಳಬಹುದು. ಆದರೆ ಮೊತ್ತ ಮೊದಲೇ ಗೊತ್ತಿದ್ದೂ ಸಹಿ ಹಾಕಿ, ಆಮೇಲೆ ನಮ್ಮ ನ್ಯೂಜೆರ್ಸಿಯ ಸರ್ಕಾರಿ ವಿಶ್ವವಿದ್ಯಾಲಯ ರಟ್ಗರ್ಸ್ ಅಗ್ಗವಾಯ್ತು ಅನ್ನುವುದು ಸರಿಯಲ್ಲ. ಸಹಿಗೆ ಬೆಲೆ ಇರಬೇಕು ಅಲ್ವಾ?

ಅರ್ಲಿ ಡಿಸಿಷನ್ ಹಾಕಿದರೆ ಸೀಟು ಸಿಗುವ ಸಾಧ್ಯತೆ ಜಾಸ್ತಿ ಅನ್ನುವುದೂ ಪೂರ್ತಿ ನಿಜವಲ್ಲ. ಬೇಗ ಸೇರುವವರಲ್ಲಿ ಕ್ರೀಡಾಪಟುಗಳು, ಅಲ್ಲೇ ಓದಿದವರ ಮಕ್ಕಳು ಇರುತ್ತಾರೆ. ಅವರೆಲ್ಲ ಸೇರಿರುವ ಸೀಟು ಸಿಕ್ಕವರ ಶೇಕಡಾವಾರು ಲೆಕ್ಕವನ್ನು ನಮ್ಮ ಮಗುವಿಗೆ ಸುಮ್ನೆ ಹಾಕಿಕೊಳ್ಳಬಾರದು.

ರಟ್ಗರ್ಸ್, ಇಂಡಿಯಾನಾದ ಪರ್ಡ್ಯೂ ವಿಶ್ವವಿದ್ಯಾಲಯ ಎರಡಕ್ಕೂ ಅರ್ಲಿ ಆಕ್ಷನ್ ಹಾಕಿದಳು. ಆಸೆಪಟ್ಟ ಕಡೆಗೆ ಜನವರಿಯಲ್ಲಿ ರೆಗ್ಯುಲರ್, ಅಂದರೆ ಕಟ್ಟಿಲ್ಲದ ಸಾಮಾನ್ಯ ಸುತ್ತಿನ ಅರ್ಜಿ. ಅಲ್ಲಿ ಸಿಗಲಿಲ್ಲ, ಅವಳಿಗೆ ಬೇಜಾರಾಯಿತು, ನನಗೂ. ಆದರೆ ರಟ್ಗರ್ಸ್ ಸ್ಕಾಲರ್‌ಶಿಪ್ ಕೊಟ್ಟಿತು, ಸಾಲವಿಲ್ಲದೆ ಓದುತ್ತಿದ್ದಾಳೆ.

ನಮ್ಮ ಪಕ್ಕದ ಬೀದಿಯ ಹುಡುಗನಿಗೆ ಅರ್ಲಿ ಡಿಸಿಷನ್ನೇ ಸರಿ ಅಂತ ನಾನೇ ಹೇಳಿದೆ. ಅವರಿಗೆ ಕ್ಯಾಲ್ಕ್ಯುಲೇಟರ್ ತೋರಿಸಿದ ಮೊತ್ತ ಕೈಗೆಟುಕುವಂತಿತ್ತು. ಅವನಿಗೆ ಬೇರೆ ಕಾಲೇಜಿನ ಯೋಚನೆಯೇ ಇರಲಿಲ್ಲ.